ಮೂರನೇ ಸಾಲಿನ ಉಸಿರು

"ಸತ್ತವಳ ಹಾಡನ್ನ ಕದ್ದು ಟೀವಿಯವರಿಗೆ ಮಾರ್ಕೊಂಡ್ಯಲ್ಲೇ! ಗಂಟಲಲ್ಲಿ ಮುಳ್ಳು ಚುಚ್ಚಲಿಲ್ವಾ ನಿಂಗೆ?"

ಅಂಗಳದಲ್ಲಿ ಬೀನ್ಸ್ ಕುದಿಯುತ್ತಿದ್ದ ಕೊಪ್ಪರಿಗೆಯ ಮುಂದೆ ನಿಂತು ಹೀಗೆ ಕಿರುಚಿದವನು ನಾನೇ. ಕೈಯಲ್ಲಿ ಸೌಟಿತ್ತು. ಗೇಟಿನ ಬಳಿ ಸ್ಮಿಲ್ಯಾನಾ ನಿಂತಿದ್ದಳು. ಅವಳ ಹಿಂದೆ ಬೆಲ್‌ಗ್ರೇಡಿನಿಂದ ಬಂದ ಟೀವಿ ಹೆಂಗಸು, ಅವಳ ಹಿಂದೆ ಕ್ಯಾಮೆರಾ ಹೊತ್ತ ಗಡ್ಡದವನು. ಇನ್ನೂ ಯಾರೂ ಒಳಗೆ ಕಾಲಿಟ್ಟಿರಲಿಲ್ಲ.

"ಕದ್ದಿಲ್ಲ, ಟ್ರಾಯ್ಲೊ ಮಾವ. ನೀವೇ ಕೊಟ್ರಿ."

"ನಾನಾ? ನಿಂಗಾ? ಯಾವತ್ತು?"

"ಅವಳು ಸತ್ತ ನಲವತ್ತನೇ ದಿನ, ಇದೇ ಅಂಗಳದಲ್ಲಿ. ಮೇಣದ ಬತ್ತಿ ಹಿಡ್ಕೊಂಡು, ಸತ್ತೋರಿಗಾಗಿ ಕುಣಿಯೋ ಕುಣಿತದ ಮುಂದೆ ನಿಂತಿದ್ದೋಳು ಯಾರು? ನೀವು ಅಕಾರ್ಡಿಯನ್ ನುಡಿಸಿ 'ಇನ್ಮೇಲೆ ಈ ಹಾಡು ನಿಂದು, ತಗೋ' ಅಂದಾಗ 'ಆಗ್ಲಿ' ಅಂದೋಳು ಯಾರು? ಬೊರಿಕಾ ಎದ್ದು ಬಂದು ಅಂದ್ಲಾ?"

"ನಾನು ಕೊಟ್ಟಿದ್ದು ನನ್ನ ಮಗಳಿಗೆ!"

"ನಿಮ್ಮ ಮಗಳಿಗೆ ಕೊಟ್ಟಿದ್ದನ್ನೆಲ್ಲ ಇಸ್ಕೊಂಡೋಳು ನಾನು. ನೀರು ಹೊತ್ತೋಳು ನಾನು, ಬಟ್ಟೆ ತೊಟ್ಟೋಳು ನಾನು, ಬ್ರೆಡ್ಡು ತಿಂದೋಳು ನಾನು. ಹಾಡೊಂದು ಮಾತ್ರ ಗಾಳಿಗೆ ಹೋಯ್ತಾ?"

ಕ್ಯಾಮೆರಾದವನು ಟೀವಿ ಹೆಂಗಸಿನ ಕಿವಿಯಲ್ಲಿ, "ಜಗಳಾನೂ ತಗೊಳ್ಳಲಾ ಮೇಡಂ?" ಎಂದ. ನನಗೆ ಕೇಳಿಸಿತು. ನಾನು ಸೌಟು ಎತ್ತಿದೆ.

"ಟ್ರಾಯ್ಲೊ, ಅದನ್ನ ಕೊಪ್ಪರಿಗೇಲಿ ಆಡಿಸು, ಜನರ ಮೇಲಲ್ಲ," ಎಂದಳು ನನ್ನ ಹೆಂಡತಿ ಲ್ಯುಬಿಂಕಾ. ಅವಳು ಮೇಜಿನ ಮೇಲೆ ಬ್ರೆಡ್ಡುಗಳನ್ನು ಸಾಲಾಗಿ ಇಟ್ಟು ಒಂದೊಂದಕ್ಕೂ ಬತ್ತಿ ಚುಚ್ಚುತ್ತಿದ್ದಳು. "ಬೀನ್ಸ್ ತಳ ಹತ್ತುತ್ತಾ ಇದೆ."

ಅಂದು ನಮ್ಮ ಬೊರಿಕಾಳ ಏಳನೇ ವರ್ಷದ ಪೊಮಾನ. ಸತ್ತವರ ಹೆಸರಿನಲ್ಲಿ ಹಾಕುವ ಊಟ. ಏಳನೆಯದು ಕಡೆಯದು.

ಬೊರಿಕಾ ಹೃದಯದಲ್ಲಿ ತೂತು ಹೊತ್ತೇ ಹುಟ್ಟಿದವಳು. ಹತ್ತೊಂಬತ್ತನೇ ವರ್ಷ, ಮಾರ್ಚ್ ತಿಂಗಳಲ್ಲಿ, ತಲೆ ಬಾಚಿಕೊಳ್ಳುತ್ತ ಕುಳಿತವಳು ಹಾಗೇ ಒರಗಿದಳು. ನಮ್ಮಲ್ಲಿ ಸತ್ತವರ ಪಾಲಿಗೆ ಬದುಕಿರುವವರೊಬ್ಬರು ನಿಲ್ಲಬೇಕು. ಅವರಿಗೆ ಹೊಸ ಬಟ್ಟೆ ತೊಡಿಸಿ ಸತ್ತವರ ಕುರ್ಚಿಯಲ್ಲಿ ಕೂರಿಸುತ್ತೇವೆ, ಸತ್ತವರ ಹೆಸರಿನಿಂದ ಕರೆದು ಉಣಿಸುತ್ತೇವೆ. ಇಲ್ಲಿ ಅವರು ಉಂಡರೆ ಅಲ್ಲಿ ಸತ್ತವರು ಉಂಡಂತೆ. ಪಕ್ಕದ ಮನೆಯ ಪೆರ್ಸಿದಾ ಅಜ್ಜಿಯ ಮೊಮ್ಮಗಳು ಸ್ಮಿಲ್ಯಾನಾಗೆ ಆಗ ಹದಿನಾಲ್ಕು. ಅವಳ ಅಪ್ಪ ಅಮ್ಮ ವಿಯೆನ್ನಾದಲ್ಲಿ ಕಟ್ಟಡ ಕೆಲಸ ಮಾಡುತ್ತ ಆಗಸ್ಟಿನಲ್ಲಿ ಮಾತ್ರ ಬರುವವರು. ಅಜ್ಜಿ ಹುಡುಗಿಯ ಕೈ ಹಿಡಿದು ತಂದು, "ತಗೋ ಟ್ರಾಯ್ಲೊ, ಇವಳು ಹೊರ್‍ತಾಳೆ," ಎಂದಿದ್ದಳು. ನಲವತ್ತು ದಿನ ಬೆಳಗ್ಗೆ ತೊರೆಯಿಂದ ಆ ಹುಡುಗಿ ಬೊರಿಕಾಳ ಹೆಸರಲ್ಲಿ ನೀರು ಹೊತ್ತು ಹಾಕಿದಳು. ಆಮೇಲೆ ಪ್ರತಿ ವರ್ಷ ಬಂದು ಕುರ್ಚಿಯಲ್ಲಿ ಕೂತಳು.

ಇನ್ನು ಹಾಡು. ರಾಗ ನನ್ನದು, ಮಾತು ಬೊರಿಕಾಳದು. ನಾನು ಮದುವೆಗಳಲ್ಲಿ, ಪೊಮಾನಗಳಲ್ಲಿ ಅಕಾರ್ಡಿಯನ್ ನುಡಿಸುವವನು. ಒಂದು ಮಧ್ಯಾಹ್ನ ಸುಮ್ಮನೆ ಬೆರಳಾಡಿಸುತ್ತಿದ್ದಾಗ ಅವಳು ಒಳಗಿಂದ ಹಾಡಿಕೊಂಡೇ ಬಂದಳು.

ಪ್ಲಮ್ ಮರವೇ, ಹೂ ಬಿಡಬೇಡ,
ನಾನಿನ್ನೂ ತಲೆ ಬಾಚಿಲ್ಲ.
ತೊರೆಯಾಚೆ ಕರೆಯುವವರೇ, ಕೊಂಚ ತಾಳಿ,
ನಾನಿನ್ನೂ ಕಾಲು ತೊಳೆದಿಲ್ಲ.

ಮೂರನೇ ಸಾಲಿನ ನಡುವೆ, 'ಕರೆಯುವವರೇ' ಎಂದ ಮೇಲೆ, ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ಅಲ್ಲಿ ನಿಂತು, ಬಾಗಿಲು ಸಂದಿಯಲ್ಲಿ ಗಾಳಿ ನುಗ್ಗಿದ ಹಾಗೆ ಒಮ್ಮೆ ಎಳೆದುಕೊಂಡು ಮುಂದೆ ಹೋಗುತ್ತಿದ್ದಳು. ನಾನೂ ಅಲ್ಲಿ ಅಕಾರ್ಡಿಯನ್ ನಿಲ್ಲಿಸಿ ಕಾಯುತ್ತಿದ್ದೆ. ಆ ಹಾಡನ್ನು ನಲವತ್ತನೇ ದಿನ ಎಲ್ಲರ ಮುಂದೆ ಅವಳಿಗೆ ಕೊಟ್ಟುಬಿಟ್ಟೆ. ಕೊಟ್ಟ ಮೇಲೆ ಅದು ಅವಳದು. ಊರಲ್ಲಿ ಬಾಯಿಬಿಟ್ಟು ಯಾರೂ ಅದನ್ನು ಹಾಡಲಿಲ್ಲ, ನಾನೂ ನುಡಿಸಲಿಲ್ಲ. ಏಳು ವರ್ಷ.

ಪೊಮಾನಕ್ಕೆ ನಾಲ್ಕು ದಿನ ಇರುವಾಗ ಅಂಗಡಿಗೆ ಹೋದೆ. ಮೇಣದ ಬತ್ತಿ ಕಟ್ಟಿಸುತ್ತಿದ್ದೆ. ಫ್ರಿಜ್ ಮೇಲಿನ ಟೀವಿಯಲ್ಲಿ ಜಾಹೀರಾತು ಬಂತು: 'ಬೆಟ್ಟದಾಚೆಯ ಮನೆ', ಹೊಸ ಧಾರಾವಾಹಿ, ಈ ಭಾನುವಾರದಿಂದ. ಮಂಜಿನ ಬೆಟ್ಟ, ಓಡುವ ಕುದುರೆ. ಮೇಲೆ ಒಂದು ಹೆಣ್ಣುದನಿ. ಪ್ಲಮ್ ಮರವೇ, ಹೂ ಬಿಡಬೇಡ. ನಾನು ತಲೆ ಎತ್ತಲಿಲ್ಲ. ಎತ್ತಲು ಭಯವಾಯಿತು. ಮೂರನೇ ಸಾಲು ಬಂತು. 'ಕರೆಯುವವರೇ' ಎಂದು ದನಿ ನಿಂತಿತು. ಆಮೇಲೆ ಆ ಉಸಿರು.

ಅದೇ ಉಸಿರು. ಬತ್ತಿಗಳು ಕೈಜಾರಿ ಅಂಗಡಿ ತುಂಬ ಉರುಳಿದವು. ಅಂಗಡಿಯವನು, "ನಮ್ ಸ್ಮಿಲ್ಯಾನಾ ಕಣಣ್ಣ ಹಾಡ್ತಿರೋದು! ನೆಗೋತಿನ್‌ನಲ್ಲಿ ನರ್ಸಿಂಗ್ ಓದ್ಕೊಂಡು ಹೋಟೆಲಲ್ಲಿ ಹಾಡ್ತಿದ್ಳಲ್ಲ, ಅಲ್ಲಿ ಯಾರೋ ಕೇಳಿ ಆರಿಸ್ಕೊಂಡ್ರಂತೆ," ಎಂದು ಹಲ್ಲು ಕಿರಿದ. ಅವನ ಕೆನ್ನೆಗೆ ಬಾರಿಸದೆ ಹೊರಗೆ ಬಂದದ್ದೇ ದೊಡ್ಡದು. ನಾಲ್ಕು ದಿನ ಆ ಕೋಪವನ್ನು ಸಾಕಿದೆ. ಸರಿಯಾಗಿ ಹೇಳಬೇಕೆಂದರೆ ಅದು ಕೋಪವಷ್ಟೇ ಅಲ್ಲ. ಬೆಳಗಾದರೆ ಅಂಗಡಿಗೆ ಹೋಗಿ, ಏನೂ ಕೊಳ್ಳದೆ, ಆ ಜಾಹೀರಾತು ಬರುವವರೆಗೂ ಕಾದು ನಿಲ್ಲುತ್ತಿದ್ದೆ.

ಈಗ ಅವಳು ನನ್ನ ಗೇಟಿನಲ್ಲಿ.

"ಹೇಳ್ತೀಯೋ ಇಲ್ವೋ ಅವರಿಗೆ, ಹಾಡು ಬದಲಾಯಿಸಿ ಅಂತ?" ಎಂದೆ.

"ಹೇಳ್ತೀನಿ."

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಟೀವಿ ಹೆಂಗಸೂ ನಿರೀಕ್ಷಿಸಿರಲಿಲ್ಲ. "ಸ್ಮಿಲ್ಯಾನಾ, ಏನಮ್ಮ ಹೇಳ್ತಿದೀಯ?" ಎಂದಳು. ಅವಳ ಹೆಸರು ವೆಸೆಲಿಂಕಾ. ಎತ್ತರದ ಹಿಮ್ಮಡಿಯ ಶೂ ಕೆಸರಲ್ಲಿ ಹೂತು ಒಂದು ಕಡೆ ವಾಲಿಕೊಂಡು ನಿಂತಿದ್ದಳು. "ಆ ಮೂರನೇ ಸಾಲಿನ ಉಸಿರಿಗೇ ಅಲ್ವಾ ನಿನ್ನ ಆರಿಸಿದ್ದು? ಬೆಲ್‌ಗ್ರೇಡ್ ಪೂರ್ತಿ ಅದೇ ಮಾತು."

"ಆ ಉಸಿರು ನಂದಲ್ಲ ಮೇಡಂ," ಎಂದಳು ಸ್ಮಿಲ್ಯಾನಾ.

ಅವಳು ಗೇಟು ತಳ್ಳಿ ಒಳಗೆ ಬಂದಳು. ನಮ್ಮ ನಾಯಿ ಗಾರಾ ಬೊಗಳಿತು. ಅದು ಅವಳನ್ನು ಮಾಮೂಲಿ ಬಟ್ಟೆಯಲ್ಲಿ ಕಂಡರೆ ಬೊಗಳುತ್ತದೆ. ಬೊರಿಕಾಳ ಪಾಲಿನ ಬಟ್ಟೆ ತೊಟ್ಟ ದಿನ ಮಾತ್ರ ಬಾಲ ಆಡಿಸುತ್ತದೆ. ಅದು ಏಕೆ ಎಂದು ನಾನು ಕೇಳಲು ಹೋಗಿರಲಿಲ್ಲ.

ನನ್ನ ಹತ್ತಿರ ಬಂದು ಅವಳು ದನಿ ಇಳಿಸಿದಳು. "ಮಾವ, ಸಂಗೀತದ ಸಾಹೇಬ್ರು ನೂರು ಸಲ ಹೇಳಿದ್ರು, ಆ ಸಾಲನ್ನ ಒಂದೇ ಉಸಿರಲ್ಲೂ ಹಾಡಿ ನೋಡು ಅಂತ. ಆಗಲ್ಲ. ಅಲ್ಲಿಗೆ ಬಂದ ತಕ್ಷಣ ಎದೆ ಮುಚ್ಕೊಳ್ಳುತ್ತೆ. ಬೇರೆ ಯಾವ ಹಾಡಿಗೂ ಹಂಗಾಗಲ್ಲ. ಡಾಕ್ಟ್ರು ನೋಡಿದ್ರು, ಕುದುರೆ ಇದ್ದಂಗಿದೀಯ ಅಂದ್ರು. ತಲೆ ಬಾಚೋಕೆ ಕೂತ್ರೆ ಕೈ ನಡುಗುತ್ತೆ. ಬೀದೀಲಿ ಯಾರಾದ್ರೂ 'ಬೊರಿಕಾ' ಅಂದ್ರೆ ತಿರುಗಿ ನೋಡ್ತೀನಿ. 'ಸ್ಮಿಲ್ಯಾನಾ' ಅಂದ್ರೆ ಎರಡನೇ ಸಲಕ್ಕೇ ಕೇಳ್ಸೋದು."

"ಅದಕ್ಕೆ ನಾನೇನು ಮಾಡ್ಲಿ?"

"ಇವತ್ತು ಏಳನೇದು. ಊಟ ಆದ್ಮೇಲೆ ಹೇಳ್ಬೇಕಾದ ಮಾತು ಹೇಳಿ. ನನ್ನ ಹೆಸರು ಹಿಡಿದು. ಅಷ್ಟೇ ಸಾಕು. ಹಾಡು ನಿಮ್ಮ ಮಗಳಿಗೇ ಇರ್‍ಲಿ. ನಾನು ಅವರಿಗೆ ಬೇರೆ ಹಾಡು ಹಾಡ್ತೀನಿ, ಬೇಡ ಅಂದ್ರೆ ನರ್ಸ್ ಆಗ್ತೀನಿ."

ಆ ಮಾತು ಊರಲ್ಲಿ ಎಲ್ಲರಿಗೂ ಗೊತ್ತು. ಏಳನೇ ವರ್ಷದ ಊಟ ಮುಗಿದ ಮೇಲೆ ಮನೆಯ ಯಜಮಾನ ಕುರ್ಚಿಯಲ್ಲಿ ಕೂತವರನ್ನು ಅವರ ಸ್ವಂತ ಹೆಸರಿನಿಂದ ಕರೆದು, 'ಏಳು, ನಿನ್ನ ಮನೆಗೆ ಹೋಗು' ಎನ್ನಬೇಕು. ಬದುಕಿರುವವರು ಎದ್ದು ತಮ್ಮ ಮನೆಗೆ ಹೋಗುತ್ತಾರೆ. ಸತ್ತವರೂ ಎದ್ದು ತಮ್ಮ ಕಡೆ ಹೋಗುತ್ತಾರೆ. ಆಮೇಲೆ ಆ ಮನೆಗೆ ಯಾರೂ ಬರುವುದಿಲ್ಲ.

"ಹೇಳ್ತೀನಿ. ಅದಕ್ಕೇನಂತೆ," ಎಂದೆ.

ಅವಳು ನನ್ನ ಮುಖ ನೋಡಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಒಳಗೆ ಹೋದಳು. ಲ್ಯುಬಿಂಕಾ ಅವಳಿಗೆ ಹೊಸ ಬಟ್ಟೆ ತೊಡಿಸಲು ಹಿಂದೆ ಹೋದಳು.

ವೆಸೆಲಿಂಕಾ ಕೆಸರಿನಿಂದ ಕಾಲು ಕಿತ್ತುಕೊಂಡು ಬಂದಳು. "ನೋಡಿ ಟ್ರಾಯ್ಲೊ ಅವರೇ, ಹಾಡು ಬದಲಾಗುತ್ತೋ ಇಲ್ವೋ ನಾನು ಹೇಳೋಕಾಗಲ್ಲ. ನನ್ನ ಕೆಲಸ ಒಂದೇ. ಭಾನುವಾರ ಮೊದಲ ಕಂತಿಗೆ ಮುಂಚೆ ಎರಡು ನಿಮಿಷ ಈ ಹುಡುಗೀನ ಜನಕ್ಕೆ ಪರಿಚಯ ಮಾಡ್ಸಬೇಕು. ಯಾರಿಗೂ ಗೊತ್ತಿಲ್ಲದ ಹುಡುಗಿ. ಚಿಕ್ಕಂದಿನಿಂದ ನೋಡಿದೋರು ನೀವು. ಇವಳು ಎಂಥವಳು ಅಂತ ನಾಲ್ಕು ಮಾತು ಹೇಳಿ, ನಾವು ಆಚೆ ಹೋಗ್ತೀವಿ. ಊಟದ ಹೊತ್ತಿಗೆ ಗೇಟಿನ ಹೊರಗಿರ್‍ತೀವಿ."

"ನಾಲ್ಕೇ ಮಾತು. ಆಮೇಲೆ ಕಣ್ಣೆದುರು ಇರಬಾರ್‍ದು."

ಪ್ಲಮ್ ಮರದ ಕೆಳಗೆ ನನ್ನನ್ನು ನಿಲ್ಲಿಸಿದರು. ಮರದಲ್ಲಿ ಎಲೆಯೂ ಇರಲಿಲ್ಲ, ಹೂವೂ ಇರಲಿಲ್ಲ. ಗಡ್ಡದವನು ಕ್ಯಾಮೆರಾ ನನ್ನ ಮುಖಕ್ಕೆ ಹಿಡಿದ. ಧೂಪದ ಕೆಂಡ ಊದುತ್ತ ಕೂತಿದ್ದ ಪೆರ್ಸಿದಾ ಅಜ್ಜಿ, "ಮೀಸೆಗೆ ಅಂಟಿರೋ ಬೀನ್ಸ್ ಒರೆಸ್ಕೋ, ಇಡೀ ದೇಶ ನೋಡುತ್ತೆ," ಎಂದಳು.

ಒರೆಸಿಕೊಂಡೆ. ಹೇಳಿದೆ. ಕೋಪದವನಾದರೂ ನನಗೆ ಮಾತು ಬರುತ್ತದೆ. "ನಮ್ಮ ಹುಡುಗಿ ಎಡಗೈಯಲ್ಲಿ ಉಣ್ಣೋಳು," ಎಂದೆ. "ಗುಡುಗಿದ್ರೆ ಹೆದರಿ ಮಂಚದ ಕೆಳಗೆ ಸೇರ್‍ಕೊಳ್ತಾಳೆ. ಅಣಬೆ ಮುಟ್ಟಲ್ಲ. ನಗುವಾಗ ಬಾಯಿಗೆ ಕೈ ಅಡ್ಡ ಇಡ್ತಾಳೆ, ಮುಂದಿನ ಹಲ್ಲು ಸೊಟ್ಟ ಅಂತ. ಬೆಟ್ಟ ಹತ್ತೋಕೆ ಆಗಲ್ಲ ಅವಳಿಗೆ, ನಾನು ಬೆನ್ನ ಮೇಲೆ ಹೊತ್ಕೊಂಡು ಹೋಗ್ತಿದ್ದೆ. 'ಅಪ್ಪಾ, ನಿಧಾನ, ಮರ ಎಲ್ಲ ಓಡ್ತಾ ಇವೆ' ಅಂತಿದ್ಲು. ಹಾಡೋಕೆ ಶುರು ಮಾಡಿದ್ರೆ ಮಾತ್ರ—"

"ಟ್ರಾಯ್ಲೊ," ಎಂದಳು ಅಜ್ಜಿ. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ನೀನು ಯಾರ ಬಗ್ಗೆ ಹೇಳ್ತಿದೀಯ?"

ವೆಸೆಲಿಂಕಾ ಗಡ್ಡದವನ ಮುಖ ನೋಡಿದಳು. ಗಡ್ಡದವನು ಕ್ಯಾಮೆರಾ ಇಳಿಸಿದ. ಮನೆಯ ಬಾಗಿಲಲ್ಲಿ ಸ್ಮಿಲ್ಯಾನಾ ನಿಂತಿದ್ದಳು. ನೀಲಿ ಲಂಗ, ಬಿಳಿ ಅಂಗಿ, ತಲೆಗೆ ಹೂವಿನ ವಸ್ತ್ರ. ಅವಳು ಬಲಗೈಯವಳು. ಅಣಬೆ ಎಂದರೆ ಪ್ರಾಣ. ಹಲ್ಲು ದಾಳಿಂಬೆ ಜೋಡಿಸಿದ ಹಾಗಿವೆ. ಅವಳು ಎಷ್ಟು ಹೊತ್ತಿನಿಂದ ಕೇಳಿಸಿಕೊಂಡಿದ್ದಳೋ ಗೊತ್ತಿಲ್ಲ. ಗಾರಾ ಎದ್ದು ಹೋಗಿ ಬಾಲ ಆಡಿಸುತ್ತ ಅವಳ ಕಾಲ ಬಳಿ ಮಲಗಿತು.

"ಇನ್ನೊಂದ್ಸಲ ತಗೊಳ್ಳೋಣ್ವಾ?" ಎಂದಳು ವೆಸೆಲಿಂಕಾ ಮೆಲ್ಲಗೆ.

"ತೊಲಗಿ!" ಎಂದು ಅರಚಿದೆ. "ಇಬ್ಬರೂ ತೊಲಗಿ ಆಚೆ! ನಿಮ್ಮ ಟೀವಿಗೆ ಬೆಂಕಿ ಬೀಳ!"

"ಬೈಯ್ಯೋದನ್ನ ಸ್ವಲ್ಪ ಉಳಿಸ್ಕೋ," ಎಂದಳು ಅಜ್ಜಿ. "ನೀನು ಬಾಯಿ ಮುಚ್ಚೋ ಹೊತ್ತಿಗೆ ನನ್ನ ಏಳನೇ ಊಟಾನೂ ಮುಗಿದಿರುತ್ತೆ."

ಅವರು ಗೇಟಿನ ಆಚೆ ಕಾರಿನ ಬಳಿ ಹೋಗಿ ನಿಂತರು. ನೆಂಟರು, ನೆರೆಯವರು ಬರತೊಡಗಿದರು. ಮಧ್ಯಾಹ್ನ ಹನ್ನೆರಡಕ್ಕೆ ಮೇಜಿನ ಸುತ್ತ ಇಪ್ಪತ್ತೆಂಟು ಜನ ನಿಂತರು. ಬೀನ್ಸ್, ಹುರಿದ ಹೊಳೆಮೀನು, ಜೋಳದ ಮುದ್ದೆ, ಕೋಸಿನ ಎಲೆಯ ಸುರುಳಿ, ರಾಕಿಯಾ ಸಾರಾಯಿ, ವೈನು. ಬ್ರೆಡ್ಡುಗಳ ಮೇಲೆ ಬತ್ತಿಗಳು ಉರಿಯುತ್ತಿದ್ದವು. ಅಜ್ಜಿ ಧೂಪದ ಪಾತ್ರೆ ಹಿಡಿದು ಮೇಜನ್ನು ಮೂರು ಸುತ್ತು ಬಂದಳು. ಮೇಜಿನ ತಲೆಯ ಕಡೆ ಬೊರಿಕಾಳ ಫೋಟೋ. ಅದರ ಮುಂದಿನ ಕುರ್ಚಿಯಲ್ಲಿ ಸ್ಮಿಲ್ಯಾನಾ. ಆ ಊಟದಲ್ಲಿ ಕೂರುವುದು ಅವಳೊಬ್ಬಳೇ. ಅವಳು ತುತ್ತೆತ್ತುವವರೆಗೆ ಬೇರೆ ಯಾರೂ ಮುಟ್ಟುವಂತಿಲ್ಲ.

ಆಗ ನಾನು ಅವಳ ಕಾಲು ನೋಡಿದೆ. ಏಳು ವರ್ಷ ನೋಡಿರಲಿಲ್ಲ. ಬಟ್ಟೆ, ಶೂ ಪ್ರತಿ ವರ್ಷ ಹೊಸದಾಗಿ ಕೊಡಬೇಕು. ಕೊಳ್ಳುತ್ತಿದ್ದವನು ನಾನೇ. ಅಂಗಡಿಯಲ್ಲಿ ಕಣ್ಣು ಮುಚ್ಚಿಕೊಂಡು "ಮೂವತ್ತೇಳು" ಎನ್ನುತ್ತಿದ್ದೆ. ಬೊರಿಕಾಳ ಅಳತೆ ಮೂವತ್ತೇಳು. ಸತ್ತವರ ಕಾಲು ಬೆಳೆಯುವುದಿಲ್ಲ. ಈ ಹುಡುಗಿಯ ಹಿಮ್ಮಡಿ ಶೂನಿಂದ ಎರಡು ಬೆರಳು ಹೊರಗಿತ್ತು. ಶೂನ ಹಿಂಭಾಗ ತುಳಿದು ಚಪ್ಪಟೆ ಮಾಡಿ, ಬೆರಳು ಮಡಚಿಕೊಂಡು ಕೂತಿದ್ದಳು.

ನಾನು ನೋಡಿದ್ದನ್ನು ಅವಳು ನೋಡಿದಳು. "ಮೂವತ್ತೊಂಬತ್ತು ನಂದು," ಎಂದಳು ಮೆಲ್ಲಗೆ. "ಹದಿನೈದನೇ ವರ್ಷದಿಂದ."

"ಹೇಳ್ಬಾರ್‍ದಿತ್ತಾ?"

"ಯಾರು ಹೇಳ್ಬೇಕಿತ್ತು? ಈ ಕುರ್ಚೀಲಿ ಕೂತಾಗ ನಾನು ಬೊರಿಕಾ. ಅವಳಿಗೆ ಸರಿಯಾಗೇ ಇದ್ಯಲ್ಲ."

ನಾನು ತಟ್ಟೆಗೆ ಬಡಿಸಿದೆ. ರೂಢಿಯಂತೆ, "ಬೊರಿಕಾ, ಇದು ನಿನಗೆ," ಎಂದೆ. "ಆಗ್ಲಿ," ಎಂದಳು. ವೈನಿನ ನಾಲ್ಕು ಹನಿ ನೆಲಕ್ಕೆ ಬಿಟ್ಟೆ. ಅವಳು ಉಂಡಳು. ಎಲ್ಲರೂ ಉಂಡರು. ಮಾತು ಎದ್ದಿತು. ಯಾರೋ ಮೀನಿನ ಮುಳ್ಳಿನ ಬಗ್ಗೆ ಜೋಕು ಹೇಳಿದರು, ಯಾರೋ ಲ್ಯುಬಿಂಕಾಳ ಕೋಸಿನ ಸುರುಳಿ ಹೊಗಳಿದರು. ಸ್ಮಿಲ್ಯಾನಾ ತಟ್ಟೆ ಖಾಲಿ ಮಾಡಿದಳು, ಬ್ರೆಡ್ಡಿನ ಚೂರಿನಿಂದ ಒರೆಸಿದಳು, ಎರಡೂ ಕೈ ಮಡಿಲಲ್ಲಿಟ್ಟುಕೊಂಡಳು. ಕಾದಳು.

ಮಾತು ಒಂದೊಂದೇ ನಿಂತಿತು. ಬತ್ತಿಗಳು ಗೇಣುದ್ದದಿಂದ ಬೆರಳುದ್ದಕ್ಕೆ ಬಂದಿದ್ದವು. ಲ್ಯುಬಿಂಕಾ ನನ್ನ ಮೊಳಕೈ ಮುಟ್ಟಿ, "ಹೇಳು," ಎಂದಳು. ಅವಳು ಅಳುತ್ತಿದ್ದಳು, ಆದರೂ ಹೇಳು ಎಂದಳು. ಇದನ್ನು ನಾನು ಮರೆಯುವುದಿಲ್ಲ. ಅವಳು ಹೆತ್ತವಳು, ಅವಳಿಗೆ ಸಾಧ್ಯವಾಯಿತು.

ನಾನು ಬಾಯಿ ತೆರೆದೆ. ಎದುರಿಗೆ ನೀಲಿ ಲಂಗ. ಹೂವಿನ ವಸ್ತ್ರ. ಕಾಲ ಬಳಿ ನಾಯಿ. ಐದು ಮಾತು ಹೇಳಿದರೆ ಆ ಕುರ್ಚಿ ಬರೀ ಕುರ್ಚಿ. ಮುಂದಿನ ಮಾರ್ಚಿನಲ್ಲಿ ಶೂ ಅಂಗಡಿಗೆ ಹೋಗುವ ಕೆಲಸವಿಲ್ಲ. 'ಬೊರಿಕಾ' ಎಂದು ಕರೆದರೆ 'ಆಗ್ಲಿ' ಎನ್ನುವ ಬಾಯಿ ಈ ಭೂಮಿಯ ಮೇಲೆ ಇಲ್ಲ. ಈ ಹುಡುಗಿಯ ಹೆಸರು ನಾಲಿಗೆಯ ಮೇಲಿತ್ತು. ಸ್ಮಿಲ್ಯಾನಾ ಎನ್ನುವುದು ಕಷ್ಟದ ಹೆಸರೇನಲ್ಲ.

"ಬೊರಿಕಾ," ಎಂದೆ. "ಇನ್ನೊಂಚೂರು ಮೀನು ಹಾಕ್ಲಾ ಮಗಳೇ?"

ಅಜ್ಜಿ ಧೂಪದ ಪಾತ್ರೆಯನ್ನು ನೆಲಕ್ಕಿಟ್ಟಳು. "ಟ್ರಾಯ್ಲೊ, ಬದುಕಿರೋ ಮಗು ಅದು," ಎಂದಳು. "ನಾನೇ ಕೈ ಹಿಡಿದು ತಂದು ಕೊಟ್ಟಿದ್ದು. ವಾಪಸ್ ಕೊಡು."

"ಇನ್ನೊಂಚೂರು," ಎಂದೆ ನಾನು, ಮೀನಿನ ತಟ್ಟೆ ಹಿಡಿದುಕೊಂಡೇ. "ಬಿಸಿ ಇದೆ ಇನ್ನೂ."

ಅವಳು ನನ್ನನ್ನೇ ನೋಡುತ್ತಿದ್ದಳು. ಬೈಯುತ್ತಾಳೆ ಎಂದುಕೊಂಡೆ, ಬೆಳಗ್ಗೆ ಎದುರುತ್ತರ ಕೊಟ್ಟ ಹಾಗೆ. ಬೈದಿದ್ದರೆ ನಾನೂ ಬೈಯುತ್ತಿದ್ದೆ, ಬೈಯುವ ಭರದಲ್ಲಿ ಆ ಹೆಸರು ಬಾಯಿಂದ ಬಂದರೂ ಬರುತ್ತಿತ್ತೇನೋ. ಅವಳು ಬೈಯಲಿಲ್ಲ. ಬಗ್ಗಿ ಶೂ ಬಿಚ್ಚಿದಳು. ಎರಡನ್ನೂ ಜೋಡಿಸಿ ಕುರ್ಚಿಯ ಕೆಳಗಿಟ್ಟಳು. ತಲೆಯ ವಸ್ತ್ರ ಬಿಚ್ಚಿ ಮಡಿಸಿ ಬೊರಿಕಾಳ ಫೋಟೋದ ಮುಂದಿಟ್ಟಳು. ಆಮೇಲೆ ತನಗೆ ತಾನೇ, ನಮಗೆಲ್ಲ ಕೇಳುವ ಹಾಗೆ ಹೇಳಿಕೊಂಡಳು: "ಏಳು ಸ್ಮಿಲ್ಯಾನಾ, ನಿನ್ನ ಮನೆಗೆ ಹೋಗು."

ಎದ್ದಳು.

"ಅದು ಹಂಗೆಲ್ಲ ನೀನೇ ಹೇಳ್ಕೊಳ್ಳೋ ಮಾತಲ್ಲ!" ಎಂದು ಕೂಗಿದೆ. "ಯಜಮಾನ ಹೇಳ್ಬೇಕು! ಕೂತ್ಕೋ! ಕೂತ್ಕೋ ಅಂದೆ!"

ಅವಳು ಬರಿಗಾಲಲ್ಲಿ ಕೆಸರು ತುಳಿಯುತ್ತ ಗೇಟಿನ ಕಡೆ ನಡೆದಳು. ಗಾರಾ ಅವಳ ಹಿಂದೆ ನಾಲ್ಕು ಹೆಜ್ಜೆ ಹೋಗಿ, ನಿಂತು, ತಿರುಗಿ ಕುರ್ಚಿಯನ್ನು ನೋಡಿತು. ಗೇಟಿನ ಆಚೆ ವೆಸೆಲಿಂಕಾ ಕಾರಿನ ಬಾಗಿಲು ತೆರೆದು ಏನೋ ಕೇಳಿದಳು. ಸ್ಮಿಲ್ಯಾನಾ ಬೇಡವೆಂದು ತಲೆಯಾಡಿಸಿ, ಕಾರು ಹತ್ತದೆ, ಅಜ್ಜಿಯ ಮನೆಯನ್ನೂ ದಾಟಿ ಮುಂದೆ ನಡೆದಳು, ನೆಗೋತಿನ್ ಬಸ್ಸು ನಿಲ್ಲುವ ರಸ್ತೆಯ ಕಡೆ, ಏರು ಹತ್ತುತ್ತ.

ಹತ್ತುತ್ತ ಹಾಡಿದಳು. ಕಣ್ಣಿಗೆ ಕಾಣುವವರೆಗೂ, ಆಮೇಲೆ ಕಿವಿಗೆ ಕೇಳುವವರೆಗೂ. ಪ್ಲಮ್ ಮರವೇ, ಹೂ ಬಿಡಬೇಡ. ಇಪ್ಪತ್ತೆಂಟು ಜನ ನಿಂತು ಕೇಳುತ್ತಿದ್ದೆವು. ಎರಡನೇ ಸಾಲು ಮುಗಿಯಿತು. ನಾನು ಮೀನಿನ ತಟ್ಟೆ ಹಿಡಿದು, ಕಣ್ಣು ಮುಚ್ಚಿ ಕಾದೆ. ಅಕಾರ್ಡಿಯನ್ ನಿಲ್ಲಿಸಿ ಕಾಯುತ್ತಿದ್ದ ಹಾಗೆ. ತೊರೆಯಾಚೆ ಕರೆಯುವವರೇ—

ಅವಳು ನಿಲ್ಲಲಿಲ್ಲ. ಕೊಂಚ ತಾಳಿ, ನಾನಿನ್ನೂ ಕಾಲು ತೊಳೆದಿಲ್ಲ. ಒಂದೇ ಉಸಿರು, ಏರು ಹತ್ತುತ್ತ, ಗಟ್ಟಿ ಎದೆಯವಳ ಉಸಿರು.

ಕೆಸರಿನಲ್ಲಿ ಹೆಜ್ಜೆಗಳಿದ್ದವು. ಉದ್ದದ, ಅಗಲದ ಹೆಜ್ಜೆ. ಬೊರಿಕಾಳದ್ದಲ್ಲ. ನಾನು ಗೇಟಿನವರೆಗೆ ಹೋಗಿ ನಿಂತೆ. ಸಂಜೆಯವರೆಗೂ ಗೇಟು ತೆರೆದೇ ಇಟ್ಟಿದ್ದೆ. ಆ ಕಡೆಯಿಂದ ಯಾರೂ ತಿರುಗಿ ಬರಲಿಲ್ಲ.